ಯಾರ ಪಾತ್ರಕ್ಕೆ ಯಾರ ಮಾತು?

ಕಳೆದ ಮಳೆಗಾಲದಲ್ಲಿ ಕಡಬದಲ್ಲಿರುವ ನಮ್ಮ ಆಪಾರ ಮನೆಗೆ ಹೋಗಿದ್ದೆವು. ರಾತ್ರಿ ಊಟಕ್ಕೆ ಕುಳಿತಾಗ ಹತ್ತನೆಯ ತರಗತಿಯಲ್ಲಿ ಓದುವ ಅವರ ಮಗ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ. ಮೀನು ಸಾರಿಗೆ ಕೈ ಹಾಕಿರಲಿಲ್ಲ. ಜ್ವರವೇ, ಪರೀಕ್ಷೆಯಲ್ಲಿ ಅಂಕ ಕಡಿಮೆಯಾಯಿತೇ ಎಂದು ಕೇಳಿದೆವು. ಎರಡೂ ಅಲ್ಲ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ.

‘ನನ್ನ ಹೀರೋನನ್ನು ಹಾಳು ಮಾಡಿಬಿಟ್ಟರು, ಮಾಮೂ.’

‘ಕೊಂದರೇ?’

‘ಕೊಂದಿದ್ದರೆ ಬೇಸರ ಇರಲಿಲ್ಲ. ಹೆದರಿ ಓಡಿಹೋದ ಅಂತ ಬರೆದುಬಿಟ್ಟ.’

ನಮಗೆ ನಗು ಬಂತು. ನಾನಿಗಂತೂ ಏನೊಂದೂ ಅರ್ಥವಾಗಲಿಲ್ಲ. ಆಪಾ ಮಾತ್ರ ಕೂಡಲೇ ಕೇಳಿದರು: ‘ಬರೆದವನು ಯಾರ ಮಗ?’ ಹುಡುಗ ತಲೆ ಎತ್ತಿ ತಾಯಿಯನ್ನು ನೋಡಿದ. ‘ಅದು ಯಾಕೆ ಬೇಕು ಅಮ್ಮೀ? ಯಾರು ಬರೆದರೂ ಅದು ತಪ್ಪೇ ಅಲ್ಲವಾ?’ ಎಂದ. ಅನಂತರ ನಮ್ಮ ಕಡೆಗೆ ತಿರುಗಿ, ‘ನೀವು ನಗ್ತೀರಿ. ನೀವೂ ಕಥೆ ಬರೀತೀರಲ್ಲ, ಮಾಮೂ?’ ಎಂದ. ಅಲ್ಲಿಗೆ ನಮ್ಮ ನಗು ನಿಂತಿತು.

ವಿಷಯ ಇಷ್ಟು. ಐದು ಮಕ್ಕಳು ಸೇರಿ ಫೋನಿನಲ್ಲಿ ಒಂದು ಕಥೆ ಆಡುತ್ತಾರೆ. ಇಬ್ಬರು ಪುತ್ತೂರಿನವರು, ಇಬ್ಬರು ಸುಳ್ಯ ಕಡೆಯವರು, ಕಡಬದಿಂದ ಇವನು. ರಜೆಯ ಶಿಬಿರವೊಂದರಲ್ಲಿ ಪರಿಚಯವಾದವರು. ಅವರ ಹೆಸರುಗಳನ್ನು ಸಾಲಾಗಿ ಹೇಳಿದರೆ ನಮ್ಮ ಜಿಲ್ಲೆಯ ಮತಗಳೆಲ್ಲ ಅದರಲ್ಲಿವೆ. ಪ್ರತಿಯೊಬ್ಬರೂ ಒಬ್ಬೊಬ್ಬ ಮಹಾವೀರನನ್ನು ತಾವೇ ಹುಟ್ಟಿಸಿಕೊಂಡಿದ್ದಾರೆ. ಸಿನಿಮಾದಿಂದ, ಪುಸ್ತಕದಿಂದ ಎತ್ತಿಕೊಳ್ಳುವಂತಿಲ್ಲ. ಸುಳ್ಯದ ಹುಡುಗಿಯ ನಾಯಕಿಗೆ ಅಡಿಕೆ ಮರಗಳ ಮೂಲಕ ದೂರದ ಮಾತು ಕೇಳಿಸುತ್ತದೆ. ಪುತ್ತೂರಿನ ಒಬ್ಬನ ವೀರ ಬೀರಮಲೆ ಗುಡ್ಡದ ಮೇಲೆ ನಿಂತು ಸಿಡಿಲನ್ನು ಕೈಯಲ್ಲಿ ಹಿಡಿಯುತ್ತಾನೆ. ನಮ್ಮ ಹುಡುಗನ ವೀರ ಕುಮಾರಧಾರೆಯ ನೆರೆಯನ್ನು ತಡೆದು ನಿಲ್ಲಿಸಬಲ್ಲ. ಒಬ್ಬರು ನಾಲ್ಕು ಸಾಲು ಬರೆಯುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ. ಕಥೆ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲ.

ಆ ವಾರ ಕಥೆಯಲ್ಲಿ ಹೊಸ್ಮಠದ ಹಳೆಯ ಮುಳುಗು ಸೇತುವೆಯ ಮೇಲೆ ನೀರು ಬಂದಿತ್ತು. ಆ ಸೇತುವೆಯ ಸಂಕಟವನ್ನು ಅವರು ಹಿರಿಯರ ಬಾಯಿಂದ ಕೇಳಿದ್ದರು. ಆಚೆ ದಡದಲ್ಲಿ ಶಾಲೆಯ ಮಕ್ಕಳ ಗಾಡಿ ಸಿಕ್ಕಿಬಿದ್ದಿದೆ. ನೆರೆ ತಡೆಯಬೇಕಾದವನು ನಮ್ಮ ಹುಡುಗನ ವೀರ. ಇವನು ಟ್ಯೂಷನ್ನಿಗೆ ಹೋಗಿದ್ದ ಹೊತ್ತಿನಲ್ಲಿ ಇನ್ನೊಬ್ಬ ಬರೆದುಬಿಟ್ಟಿದ್ದ: ನೀರನ್ನು ಕಂಡು ಅವನಿಗೆ ಪ್ರಾಣಭಯವಾಯಿತು, ಮಕ್ಕಳನ್ನು ಬಿಟ್ಟು ಕಾಡಿನೊಳಗೆ ಓಡಿದ.

ಇಲ್ಲದ ಸೇತುವೆ, ಇಲ್ಲದ ಮಕ್ಕಳು, ಇಲ್ಲದ ವೀರ. ಅವನು ಓಡಿದರೇನು, ನಿಂತರೇನು? ಕಲ್ಪನೆಯ ಮನುಷ್ಯನಿಗೆ ಮಾಡಿದ ಅನ್ಯಾಯವೂ ಅನ್ಯಾಯವೇ? ಅಂದು ರಾತ್ರಿ ಹಾಸಿಗೆಯಲ್ಲಿ ಮಲಗಿ ಮಳೆಯ ಸದ್ದು ಕೇಳುತ್ತಿದ್ದಾಗ ಈ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಏಕೆ ಬಿಡಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇವೆ.

ಇಂಥ ಆಟಗಳು ಇಂದು ಹುಟ್ಟಿದವಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತಾ ಕಥೆ ಕಟ್ಟುವ ಆಟ ಅದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಇದನ್ನೇ ಹೋಲುವ ಆಟವನ್ನು ಕಂಪ್ಯೂಟರಿಗೆ ಬರೆಯತೊಡಗಿದ. ದೂರದೂರ ಕುಳಿತವರು ಒಂದೇ ಕಥೆಯೊಳಗೆ ಸೇರುವಂತಾಯಿತು. 2004ರಲ್ಲಿ ಬಂದ ‘ಸಿಟಿ ಆಫ್ ಹೀರೋಸ್’ ಎಂಬ ಆಟದಲ್ಲಿ ಆಡುವವರು ತಮ್ಮ ಸ್ವಂತ ಮಹಾವೀರರನ್ನು ಉಡುಪು, ಶಕ್ತಿ, ಹೆಸರು ಸಮೇತ ಸೃಷ್ಟಿಸಿಕೊಳ್ಳುತ್ತಿದ್ದರು. 2012ರ ನವೆಂಬರ್‌ನಲ್ಲಿ ಕಂಪೆನಿ ಅದನ್ನು ಮುಚ್ಚಿದಾಗ, ವರ್ಷಗಟ್ಟಲೆ ಜೊತೆಗಿದ್ದ ಯಾರನ್ನೋ ಕಳೆದುಕೊಂಡವರಂತೆ ದುಃಖಪಟ್ಟವರು ಬಹಳ ಮಂದಿ.

ಈ ಆಟಗಳನ್ನು ಬರೆದು ಆಡುವವರೆಲ್ಲ ಒಪ್ಪಿಕೊಂಡ ಒಂದು ನಿಯಮವಿದೆ. ನಮ್ಮ ಹುಡುಗನೂ ಅದನ್ನೇ ಹೇಳಿದ. ನನ್ನ ಪಾತ್ರ ಏಟು ಬೀಸಿತು ಎಂದು ನಾನು ಬರೆಯಬಹುದು. ಆ ಏಟು ನಿನಗೆ ಬಿತ್ತು, ನೀನು ಅತ್ತೆ, ನೀನು ಸೋತೆ ಎಂದು ನಾನು ಬರೆಯುವಂತಿಲ್ಲ. ಅದನ್ನು ನೀನೇ ಬರೆಯಬೇಕು. ನನ್ನ ಪಾತ್ರದ ಬಾಯಿ ನನ್ನದು, ನಿನ್ನ ಪಾತ್ರದ ಬಾಯಿ ನಿನ್ನದು.

ಈ ನಿಯಮ ಮುರಿದಾಗ ಏನಾಗುತ್ತದೆಂಬುದಕ್ಕೆ 1993ರ ಒಂದು ಪ್ರಸಂಗವಿದೆ. ‘ಲ್ಯಾಂಬ್ಡಾಮೂ’ ಎಂಬ ಹೆಸರಿನ, ಬರೀ ಅಕ್ಷರಗಳಿಂದ ಕಟ್ಟಿದ ಒಂದು ಲೋಕ. ಅದರ ಕಂಪ್ಯೂಟರ್ ಕ್ಯಾಲಿಫೋರ್ನಿಯಾದಲ್ಲಿತ್ತು. ಹಲವು ಊರುಗಳ ಜನ ಅಲ್ಲಿ ತಮ್ಮ ತಮ್ಮ ಪಾತ್ರಗಳ ಮೂಲಕ ಕೂಡುತ್ತಿದ್ದರು. ಒಬ್ಬ ಆಟಗಾರ ಒಂದು ಕಂಪ್ಯೂಟರ್ ಯುಕ್ತಿಯಿಂದ ಇತರರ ಪಾತ್ರಗಳು ಅತ್ಯಂತ ಹೀನವಾದ, ನಾಚಿಕೆಗೇಡಿನ ಕೃತ್ಯಗಳನ್ನು ಮಾಡಿದಂತೆ ಬರೆಸಿದ. ಪಾತ್ರಗಳ ಒಡೆಯರು ಪರದೆಯ ಮುಂದೆ ಕುಳಿತು ನೋಡಬೇಕಾಯಿತು. ಯಾರ ಮೈಗೂ ಯಾರೂ ಕೈ ಹಾಕಿರಲಿಲ್ಲ. ಆದರೂ ಅದನ್ನು ಅನುಭವಿಸಿದ ಹೆಂಗಸೊಬ್ಬರು ಆ ಬಗ್ಗೆ ಬರೆಯುವಾಗ ಕಣ್ಣೀರು ಹಾಕಿದ್ದರು. ಜೂಲಿಯನ್ ಡಿಬೆಲ್ ಎಂಬ ಪತ್ರಕರ್ತ ಈ ಘಟನೆಯನ್ನು ಅದೇ ವರ್ಷ ಲೇಖನವಾಗಿ ಬರೆದ ಮೇಲೆ ಜಗತ್ತಿನ ಎಷ್ಟೋ ಕಡೆ ಕಾನೂನು ಬಲ್ಲವರೂ ನೀತಿ ಬಲ್ಲವರೂ ಇದನ್ನು ಚರ್ಚಿಸಿದರು. ಬರಿಯ ಮಾತಲ್ಲವೇ ಎಂದು ಕೆಲವರು ಕೇಳಿದರು. ಬರಿಯ ಮಾತಾಗಿದ್ದರೆ ಆಕೆ ಏಕೆ ಅತ್ತರು ಎಂದು ಇನ್ನು ಕೆಲವರು ಕೇಳಿದರು.

ಇದಕ್ಕೆ ಉತ್ತರ ಹುಡುಕಲು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಲ್ಲ ಎಂದು ನಮಗೆ ಅನ್ನಿಸುತ್ತದೆ. ಈ ಆಟವನ್ನು ಬೇರೆ ರೂಪದಲ್ಲಿ ನಮ್ಮ ಪುತ್ತೂರು, ಸುಳ್ಯದ ಜನ ಬಹಳ ಹಿಂದಿನಿಂದ ಆಡುತ್ತಾ ಬಂದಿದ್ದಾರೆ.

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ರಾತ್ರಿಗಳಲ್ಲಿ, ದೇವಸ್ಥಾನದ ಚಾವಡಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ, ಮದ್ದಳೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು. ಭಾಗವತರು ಪ್ರಸಂಗದ ಪದ್ಯವೊಂದನ್ನು ಹಾಡುತ್ತಾರೆ. ಆ ಪದ್ಯದ ಪಾತ್ರ ವಹಿಸಿದವರು ಅಲ್ಲಿಂದಲ್ಲಿಗೇ, ಬರೆದುಕೊಳ್ಳದೆ, ತಮ್ಮ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಎದುರಿನವರು ಉತ್ತರಿಸುತ್ತಾರೆ. ಚಿಕ್ಕಂದಿನಲ್ಲಿ ನಾವು ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಸೇರಿದ ಹೊಸದರಲ್ಲಿ, ನೆರೆಮನೆಯ ಜಗಲಿಯ ತುದಿಯಲ್ಲಿ ಕುಳಿತು ಇದನ್ನು ಕೇಳಿದ್ದುಂಟು. ಮನೆಯಲ್ಲಿ ನಮ್ಮ ನಾನಾ ದಾಸ್ತಾನ್‌–ಎ–ಅಮೀರ್ ಹಮ್ಝಾದ ಕಥೆಗಳನ್ನು ಹೇಳುತ್ತಿದ್ದರು. ಅಮ್ರ್ ಅಯ್ಯಾರನ ಜೋಳಿಗೆಯಲ್ಲಿ ಇಡೀ ಲೋಕವೇ ಹಿಡಿಸುತ್ತಿತ್ತು. ಆ ದಾಸ್ತಾನಿನ ‘ತಿಲಿಸ್ಮ್–ಎ–ಹೋಶ್‌ರುಬಾ’ ಭಾಗವನ್ನು ಲಕ್ನೋದ ನವಲ್ ಕಿಶೋರ್ ಪ್ರೆಸ್ 1883ರಿಂದ ಅಚ್ಚು ಹಾಕಿದಾಗ ಮೊದಲ ನಾಲ್ಕು ಸಂಪುಟ ಮುಹಮ್ಮದ್ ಹುಸೈನ್ ಜಾಹ್ ಬರೆದರು, ಉಳಿದದ್ದನ್ನು ಅಹ್ಮದ್ ಹುಸೈನ್ ಕಮರ್ ಮುಂದುವರಿಸಿದರು. ಒಬ್ಬರ ವೀರರನ್ನು ಇನ್ನೊಬ್ಬರು ಎತ್ತಿಕೊಂಡು ನಡೆಯುವುದು ಆ ಪರಂಪರೆಯಲ್ಲೂ ಇತ್ತು. ಆದರೆ ಎದುರಿಗೆ ಕುಳಿತವರು ಅಲ್ಲೇ ಉತ್ತರ ಕೊಡುವ ಸೊಗಸನ್ನು ನಾವು ಕಂಡದ್ದು ತಾಳಮದ್ದಳೆಯಲ್ಲಿ.

ವಾಲಿಯ ಪ್ರಸಂಗವನ್ನೇ ನೋಡಿ. ಮರದ ಮರೆಯಿಂದ ಬಂದ ಬಾಣ ಎದೆಗೆ ನಾಟಿ ವಾಲಿ ನೆಲಕ್ಕೆ ಬಿದ್ದಿದ್ದಾನೆ. ಅವನು ಸಾಯುವುದು ಖಂಡಿತ. ಪದ್ಯದಲ್ಲಿ ಹಾಗೆಯೇ ಇದೆ, ಯಾವ ಅರ್ಥಧಾರಿಯೂ ಅದನ್ನು ಬದಲಿಸಲಾರ. ಆದರೆ ಸಾಯುವ ಮೊದಲು ವಾಲಿ ಕೇಳುತ್ತಾನೆ: ಎದುರಿಗೆ ಬಾರದೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲಿಯ ಅರ್ಥ ಹೇಳುವವರು ಸಮರ್ಥರಾದರೆ ಸಭೆಯಲ್ಲಿ ಸೂಜಿ ಬಿದ್ದರೂ ಕೇಳಿಸುವಷ್ಟು ಮೌನ. ರಾಮನ ಅರ್ಥಧಾರಿ ಉತ್ತರ ಕೊಡಲೇಬೇಕು. ನಾನು ದೇವರು, ನೀನು ಕೋತಿ, ಸುಮ್ಮನಿರು ಎನ್ನುವಂತಿಲ್ಲ. ‘ಈಗ ವಾಲಿ ತನ್ನ ತಪ್ಪು ಒಪ್ಪಿಕೊಂಡ’ ಎಂದು ವಾಲಿಯ ಪರವಾಗಿ ರಾಮನೇ ಹೇಳಿಬಿಡುವಂತೆಯೂ ಇಲ್ಲ. ಒಪ್ಪಿಕೊಳ್ಳುವುದಿದ್ದರೆ ವಾಲಿಯೇ ಒಪ್ಪಿಕೊಳ್ಳಬೇಕು. ಇಂದು ವಾಲಿಯಾದವರು ನಾಳೆ ಇನ್ನೊಂದು ಊರಿನಲ್ಲಿ ರಾಮನಾಗಬಹುದು. ಆಗ ತಮ್ಮದೇ ನಿನ್ನೆಯ ಪ್ರಶ್ನೆಗೆ ತಾವೇ ಉತ್ತರ ಹುಡುಕಬೇಕು.

ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಕೌರವರನ್ನು ಕೇಳಿದವರು ಇಂದಿಗೂ ಆ ಮಾತುಗಳನ್ನು ನೆನೆಯುತ್ತಾರೆ. 2006ರಲ್ಲಿ ತೀರಿಕೊಂಡ ಅವರಿಗೆ ಅಷ್ಟೇ ಹೆಸರು ತಂದ ಇನ್ನೊಂದು ಪಾತ್ರ ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ. ಮುಲ್ಕಿಯ ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯದಲ್ಲಿ ಬರುವ ಮುಸ್ಲಿಂ ವ್ಯಾಪಾರಿ ಅವನು. ಆ ಪಾತ್ರವನ್ನು ಕೋಡಂಗಿ ಮಾಡಿ ಜನರನ್ನು ನಗಿಸಿ ಕಳಿಸುವುದು ಬಹಳ ಸುಲಭವಿತ್ತು. ಭಟ್ಟರು ಅವನಿಗೆ ಮರ್ಯಾದೆ ಕೊಟ್ಟರು. ಸುಳ್ಯ ಸೀಮೆಯ ಸಂಪಾಜೆಯ ಜಬ್ಬಾರ್ ಸಮೋ ಅವರು ಪುರಾಣದ ಪಾತ್ರಗಳಿಗೆ ಅರ್ಥ ಹೇಳಿ ಹೆಸರಾದವರು. ಹಾಗೆಯೇ ಅದೇ ತಾಲೂಕಿನ ದೇರಾಜೆ ಸೀತಾರಾಮಯ್ಯನವರು ದೊಡ್ಡ ಅರ್ಥಧಾರಿ. ಅವರ ಒಂದು ಪುಸ್ತಕದ ಹೆಸರೇ ‘ಕುರುಕ್ಷೇತ್ರಕ್ಕೊಂದು ಆಯೋಗ’. ಯುದ್ಧ ಮುಗಿದ ಮೇಲೂ ಸೋತವರ ಮಾತನ್ನು ಕೇಳಲು ಒಂದು ಪೀಠ ಬೇಕು ಎಂಬ ಮನಸ್ಸು ಆ ಹೆಸರಿನಲ್ಲೇ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ತಾಳಮದ್ದಳೆಯಲ್ಲಿ, ಮಕ್ಕಳ ಆಟದಲ್ಲಿ ಎದುರಿಗೆ ಒಬ್ಬರು ಕುಳಿತಿರುತ್ತಾರೆ, ಅವರ ಪಾತ್ರದ ಬಾಯಿಯನ್ನು ಅವರಿಂದ ಕಿತ್ತುಕೊಂಡರೆ ನೋವಾಗುವುದು ಆ ಮನುಷ್ಯನಿಗೆ. ಸರಿ. ಆದರೆ ಕಥೆಗಾರ ಒಂಟಿಯಾಗಿ ಕುಳಿತು ಬರೆಯುತ್ತಾನೆ. ಅವನ ಕೇಡಿಗನ ಕಡೆಯಿಂದ ಉತ್ತರ ಕೊಡಲು ಯಾರೂ ಇಲ್ಲ. ಎಲ್ಲ ಪಾತ್ರಗಳ ಅಪ್ಪಣೆ ಪಡೆದೇ ಬರೆಯಬೇಕೆಂದರೆ ಜಗತ್ತಿನಲ್ಲಿ ಕಥೆಯೇ ಹುಟ್ಟುತ್ತಿರಲಿಲ್ಲ. ಆದ್ದರಿಂದ ಕಥೆಗಾರನಿಗೆ ಈ ನಿಯಮ ಅನ್ವಯಿಸುವುದಿಲ್ಲ.

ನಾವೂ ಬಹಳ ವರ್ಷ ಹೀಗೆಯೇ ನಂಬಿದ್ದೆವು. ನಂಬಿಕೆ ಮುರಿದದ್ದು ಹೇಗೆಂದು ಈಗ ಹೇಳಬೇಕು.

ನಾವು ಕಾಲೇಜಿನಲ್ಲಿದ್ದ ದಿನಗಳಲ್ಲಿ ಒಂದು ರಾತ್ರಿ ಊರಿನಲ್ಲಿ ಗಲಾಟೆಯ ಸುದ್ದಿ ಹಬ್ಬಿತು. ಆಮೇಲೆ ಅದು ಬರೀ ಗಾಳಿಮಾತೆಂದು ತಿಳಿಯಿತು, ಅದು ಬೇರೆ ಮಾತು. ಅಬ್ಬಾ ಊರಲ್ಲಿರಲಿಲ್ಲ. ಅಮ್ಮೀ, ಆಪಾ ಮತ್ತು ನಾವು ಅಂಗಳ ದಾಟಿ ನೆರೆಮನೆಯ ಅಕ್ಕನ ಬಾಗಿಲ ಬಳಿ ಹೋದೆವು. ಚಿಕ್ಕಂದಿನಿಂದ ನಮಗೆ ಪತ್ರೊಡೆ, ನೀರುದೋಸೆ ಕೊಟ್ಟು ಬೆಳೆಸಿದ ಅಕ್ಕ. ನಮ್ಮ ಕಣ್ಣೆದುರಿಗೇ ಒಳಗಿನಿಂದ ಬಾಗಿಲು ಮುಚ್ಚಿತು, ಅಗಳಿ ಬಿದ್ದ ಸದ್ದು ಕೇಳಿಸಿತು. ನಾವು ಹಿಂದಿರುಗಿ ಬಂದು ದೀಪ ಆರಿಸಿ ಬೆಳಗಿನವರೆಗೆ ಕುಳಿತೆವು.

ಕೆಲವು ವರ್ಷಗಳ ಮೇಲೆ ಅದನ್ನು ಕಥೆಯಾಗಿ ಬರೆದೆವು. ಹೆಸರು ಬದಲಿಸಿದ್ದೆವು, ಊರು ಬದಲಿಸಿದ್ದೆವು. ಆ ಅಕ್ಕ ಬಾಗಿಲು ಹಾಕುವಾಗ ಏನು ಯೋಚಿಸಿದಳೆಂದು ಒಂದು ಪುಟ ತುಂಬ ಬರೆದೆವು. ಅವಳ ಭಯ, ಅವಳ ಜಾತಿಯ ಲೆಕ್ಕಾಚಾರ, ಒಲೆಯ ಮುಂದಿನ ಪ್ರೀತಿ ಹೊಸ್ತಿಲಿನಲ್ಲಿ ಸತ್ತುಹೋಗುವ ಬಗೆ. ಕಥೆಗೆ ಮೆಚ್ಚುಗೆ ಬಂತು. ಹೆಂಗಸಿನ ಮನಸ್ಸನ್ನು ಹೊಕ್ಕು ನೋಡಿದ್ದೀರಿ ಎಂದು ಓದುಗರೊಬ್ಬರು ಕಾಗದ ಬರೆದರು. ಆ ಕಾಗದವನ್ನು ಬಹಳ ದಿನ ಜೋಪಾನವಾಗಿ ಇಟ್ಟುಕೊಂಡಿದ್ದೆವು.

ಅಕ್ಕ ಆ ಕಥೆಯನ್ನು ಓದಿದರು. ಹೆಸರು ಬದಲಾದರೇನು, ಅಂಗಳದ ಪೇರಳೆ ಮರ ಅದೇ ಇತ್ತಲ್ಲ. ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಪಕ್ಕಕ್ಕೆ ಕರೆದು ಹೇಳಿದರು. ‘ಬಾಗಿಲು ಹಾಕಿದ್ದು ಹೌದು ಮಾರಾಯ. ಎಂತಕ್ಕೆ ಹಾಕಿದ್ದು ಅಂತ ನನ್ನತ್ರ ಒಂದು ಮಾತು ಕೇಳ್ಬಹುದಿತ್ತಲ್ಲ? ಆ ದಿನ ಇವರ ಕಡೆಯ ನಾಲ್ಕು ಜನ ಜಗಲಿಯಲ್ಲೇ ಕೂತಿದ್ರು. ಅವರು ಎಂತ ಮಾಡ್ತಾರೋ ಅಂತ ನನಗೆ ಧೈರ್ಯ ಇರ್ಲಿಲ್ಲ. ಅಡುಗೆ ಮನೆಯ ಬಾಗಿಲು ತೆಗೆದು ಬೆಳಿಗ್ಗೆವರೆಗೆ ಕಾದೆ. ನೀವು ಆ ಕಡೆ ಬರ್ಲೇ ಇಲ್ಲ.’

ನಾವು ಏನೂ ಹೇಳಲಾಗಲಿಲ್ಲ. ಅವರು ‘ಊಟ ಆಯ್ತಾ?’ ಎಂದು ಕೇಳಿ ಹೋದರು.

ಈಗ ಯೋಚಿಸಿದರೆ ಹೊಳೆಯುವುದಿಷ್ಟು. ಬಾಗಿಲು ಮುಚ್ಚಿದ್ದು ಪದ್ಯ. ಅದು ನಡೆದದ್ದು, ಅದನ್ನು ಅವರೂ ಅಲ್ಲಗಳೆಯಲಿಲ್ಲ. ಆದರೆ ಅದರ ಅರ್ಥ ಅವರದಾಗಿತ್ತು. ಅದನ್ನು ನಾವು ಅವರ ಬಾಯಿಂದ ಕಿತ್ತುಕೊಂಡು ನಮ್ಮ ಅರ್ಥವನ್ನು ಅಲ್ಲಿ ತುರುಕಿದೆವು. ಎದುರಿನ ಆಸನ ಖಾಲಿ ಇದೆಯೆಂದು ತಿಳಿದೆವು. ಖಾಲಿ ಇರಲಿಲ್ಲ. ಐವತ್ತು ಹೆಜ್ಜೆ ದೂರದಲ್ಲಿ ಒಬ್ಬರು ಕುಳಿತಿದ್ದರು, ನಾವು ಕರೆದಿರಲಿಲ್ಲ ಅಷ್ಟೆ. ಇದ್ದವರ ಬೆನ್ನ ಹಿಂದೆ ಅವರ ಬಗ್ಗೆ ಆಡುವುದಕ್ಕೆ ನಮ್ಮಲ್ಲಿ ಗೀಬತ್ ಎನ್ನುತ್ತಾರೆ. ಕಥೆಯ ಹೆಸರಿನಲ್ಲಿ ಮಾಡಿದರೆ ಅದಕ್ಕೆ ಬೇರೆ ಹೆಸರು ಬರುತ್ತದೆಯೇ ಎಂಬುದು ನಮಗೆ ಇನ್ನೂ ತೀರದ ಪ್ರಶ್ನೆ.

ಹಾಗೆಂದು ಇನ್ನೊಬ್ಬರ ಬದುಕನ್ನು ಬರೆಯಲೇಬಾರದು ಎನ್ನುವುದೂ ಸರಿಯಲ್ಲ. ಶೇಣಿಯವರು ಬ್ಯಾರಿಯಾಗಬಾರದು, ಸಮೋ ಅವರು ಪುರಾಣದ ಅರ್ಥ ಹೇಳಬಾರದು, ನಾವು ನೆರೆಮನೆಯ ಅಕ್ಕನನ್ನು ಬರೆಯಬಾರದು ಎಂದು ಬೇಲಿ ಹಾಕಿದರೆ, ಪ್ರತಿಯೊಬ್ಬನೂ ತನ್ನ ಮನೆಯ ಕನ್ನಡಿಯ ಮುಂದೆ ಮಾತ್ರ ಮಾತಾಡಬೇಕಾಗುತ್ತದೆ. ಇನ್ನೊಬ್ಬರ ಪಾತ್ರವನ್ನು ವಹಿಸುವುದು ತಪ್ಪಲ್ಲ, ಬಹುಶಃ ಮನುಷ್ಯ ಮನುಷ್ಯನನ್ನು ತಿಳಿಯಲು ಇರುವ ದೊಡ್ಡ ದಾರಿಯೇ ಅದು. ತಪ್ಪು ಇರುವುದು ಬೇರೆ ಕಡೆ. ಪಾತ್ರದ ಪರವಾಗಿ ಹೇಳಬಹುದಾದ ಅತ್ಯುತ್ತಮ ಮಾತನ್ನು ಹುಡುಕದೆ, ನಮಗೆ ಅನುಕೂಲವಾದ ಮಾತನ್ನು ಅದರ ಬಾಯಿಗೆ ಇಡುವುದು ತಪ್ಪು. ವಾಲಿಗೆ ಬಲವಾದ ವಾದ ಕೊಡದ ಪ್ರಸಂಗದಲ್ಲಿ ರಾಮನೂ ಸಣ್ಣವನಾಗುತ್ತಾನೆ.

ನಮ್ಮ ಜಿಲ್ಲೆಯ ಇಂದಿನ ಸ್ಥಿತಿಯನ್ನು ನೋಡಿದರೆ ಈ ಆಟ ಕಥೆಯ ಹೊರಗೂ ನಡೆಯುತ್ತಿದೆ. ಬಸ್ ನಿಲ್ದಾಣದಲ್ಲಿ, ಹೋಟೆಲಿನ ಮೇಜಿನಲ್ಲಿ, ಫೋನಿನ ಸಂದೇಶಗಳಲ್ಲಿ ಮುಸ್ಲಿಮನ ಪಾತ್ರವನ್ನು ಮುಸ್ಲಿಮನಿಲ್ಲದೆ ಆಡಲಾಗುತ್ತದೆ. ಅವನು ಏನು ಯೋಚಿಸುತ್ತಾನೆ, ಏಕೆ ಅಂಗಡಿ ಮುಚ್ಚಿದ, ಏಕೆ ಆ ಕಡೆ ಮನೆ ಮಾಡಿದ ಎಂಬುದಕ್ಕೆಲ್ಲ ಅರ್ಥ ಹೇಳುವವರು ಬೇರೆಯವರು. ಇದು ನೋವಿನ ಸಂಗತಿ. ಆದರೆ ನಮ್ಮ ಮನೆಗಳ ಒಳಗೆ, ನಮ್ಮ ಊಟದ ಹೊತ್ತಿನಲ್ಲಿ, ನಾವು ‘ಅವರ’ ಪಾತ್ರವನ್ನು ಆಡುವುದಿಲ್ಲವೇ? ‘ಬರೆದವನು ಯಾರ ಮಗ?’ ಎಂದು ಕೇಳಿದ ಕೂಡಲೇ ಆಪಾರ ಮನಸ್ಸಿನಲ್ಲಿ ಒಂದು ಅರ್ಥ ಸಿದ್ಧವಾಗಿತ್ತು. ಹೆಸರೊಂದು ಸಿಕ್ಕಿದರೆ ಸಾಕಿತ್ತು. ಅವರನ್ನು ದೂರುವ ಯೋಗ್ಯತೆ ನಮಗಿಲ್ಲ. ನಾವು ಅದನ್ನೇ ಅಚ್ಚು ಹಾಕಿಸಿದವರು.

ಇನ್ನು ಹುಡುಗನ ವಿಷಯ. ಮರುದಿನ ಬೆಳಿಗ್ಗೆ ಆ ಕಥೆಯನ್ನು ಮೊದಲಿನಿಂದ ಓದಲು ಕೊಡು ಎಂದೆವು. ನಾಚಿಕೊಂಡು ಕೊಟ್ಟ. ಓದಿದ ಮೇಲೆ ನಮಗೆ ಇನ್ನೊಂದು ಸಂಗತಿ ಕಂಡಿತು. ಕಳೆದ ಮೂರು ತಿಂಗಳಿಂದ ಇವನ ವೀರ ಒಮ್ಮೆಯೂ ಸೋತಿಲ್ಲ. ಸಿಡಿಲು ಅವನಿಗೆ ತಾಗುವುದಿಲ್ಲ. ಯಾರು ಏನು ಮಾಡಿದರೂ ಅವನಿಗೆ ಅದು ಮೊದಲೇ ಗೊತ್ತಿರುತ್ತದೆ. ಉಳಿದ ನಾಲ್ವರು ಬರೆದದ್ದೆಲ್ಲ ಇವನ ನಾಲ್ಕು ಸಾಲಿನಲ್ಲಿ ಮಣ್ಣುಪಾಲು. ಸುಳ್ಯದ ಹುಡುಗಿ ಎರಡು ವಾರದಿಂದ ಬರೆಯುವುದನ್ನೇ ಬಿಟ್ಟಿದ್ದಳು.

‘ಅವನು ನಿನ್ನ ಪಾತ್ರದ ಬಾಯಿ ಕಿತ್ತುಕೊಂಡದ್ದು ತಪ್ಪು. ಆದರೆ ನೀನು ಯಾರಿಗೂ ಗೆಲ್ಲಲು ಬಿಡದೆ ಎಲ್ಲರ ಬಾಯಿ ಮುಚ್ಚಿಸಿದ್ದೀಯಲ್ಲ?’ ಎಂದೆವು. ಅವನಿಗೆ ಸಿಟ್ಟು ಬಂತು. ಫೋನು ತೆಗೆದುಕೊಂಡು ಹೋದ. ಸೋಲಲು ಒಪ್ಪದವನ ಜೊತೆ ಯಾರೂ ಆಡಲಾರರು ಎಂಬುದನ್ನು ಯಾರೂ ಉಪದೇಶದಿಂದ ಕಲಿಯುವುದಿಲ್ಲ. ನಾವೂ ಕಲಿತಿರಲಿಲ್ಲ.

ಮಧ್ಯಾಹ್ನ ಮಳೆ ನಿಂತಾಗ ಅವನೇ ಬಂದು ಪಕ್ಕದಲ್ಲಿ ಕುಳಿತ. ‘ಆ ಸಾಲನ್ನು ಅಳಿಸು ಅಂತ ಹೇಳಬಹುದು, ಮಾಮೂ. ಅವನು ಅಳಿಸುತ್ತಾನೆ. ಆದರೆ ಅಳಿಸುವುದು ಬೇಡ ಅಂತ ಅನ್ನಿಸ್ತು. ಓಡಿದ್ದು ಓಡಿದ. ಯಾಕೆ ಓಡಿದ ಅಂತ ನಾನು ಬರೀತೇನೆ.’

‘ಯಾಕೆ ಓಡಿದ?’

‘ಅದು ಇನ್ನೂ ಗೊತ್ತಿಲ್ಲ’ ಎಂದ.

ನಾವು ಮತ್ತೇನೂ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಪುತ್ತೂರಿಗೆ ಹೊರಟೆವು. ದಾರಿಯಲ್ಲಿ ಆ ಹಳೆಯ ಕಥೆಯ ನೆನಪಾಯಿತು. ಅದನ್ನು ಈಗ ತಿದ್ದಲು ಸಾಧ್ಯವಿಲ್ಲ, ಪುಸ್ತಕವಾಗಿ ಹೋಗಿದೆ. ಅಕ್ಕನಿಗೆ ಈಗ ಎಪ್ಪತ್ತು ದಾಟಿದೆ, ಮಗನ ಜೊತೆ ಸುಳ್ಯದಲ್ಲಿದ್ದಾರೆ. ಮುಂದಿನ ಭಾನುವಾರ ಹೋಗಬೇಕು, ಆ ರಾತ್ರಿಯ ಕಥೆಯನ್ನು ಅವರ ಬಾಯಿಂದಲೇ ಹೇಳಿಸಬೇಕು, ಅವರು ಹೇಳುವಷ್ಟು ಹೊತ್ತು ನಡುವೆ ಬಾಯಿ ಹಾಕದೆ ಕೇಳಬೇಕು ಎಂದುಕೊಂಡೆವು. ಅವರು ಮನೆಯ ಹಿಂದಿನ ಬಾಗಿಲಿನಿಂದ ಬಾ ಎಂದರೆ ಹಾಗೆಯೇ ಹೋಗಬೇಕು.